ಎರಡು ಗಂಟೆಗೇ ಸಂಜೆಯಾಗುವ ಊರಲ್ಲಿ ಓದೋದು ಹೇಗೆ?

ಪ್ರಶ್ನೆ: ಅಕ್ಕಾ, ಯಜಮಾನರ ಕೆಲಸಕ್ಕೆಂದು ಆಗಸ್ಟ್‌ನಲ್ಲಿ ಫಿನ್ಲೆಂಡಿನ ಔಲು ಊರಿಗೆ ಬಂದೆವು. ಈಗ ಡಿಸೆಂಬರ್. ಬೆಳಿಗ್ಗೆ ಹತ್ತೂವರೆಗೆ ಹುಟ್ಟುವ ಸೂರ್ಯ ಮಧ್ಯಾಹ್ನ ಎರಡಕ್ಕೆಲ್ಲ ಮುಳುಗಿಯೇ ಬಿಡುತ್ತಾನೆ. ಚಳಿಗಾಲ ಉದ್ದ ಅಂತ ಮೊದಲೇ ಗೊತ್ತಿತ್ತು, ಅದಕ್ಕೇ ಊರಿಂದ 20 ಕನ್ನಡ ಪುಸ್ತಕ ತಂದಿದ್ದೆ. ವಾರಕ್ಕೊಂದು ಓದಬೇಕು, ದಿನಾ ಡೈರಿ ಬರೆಯಬೇಕು ಅಂತ. ಓದಿದ್ದು ಒಂದೂವರೆ. ಡೈರಿ ನಾಲ್ಕೇ ದಿನಕ್ಕೆ ನಿಂತಿತು. ಕಂಬಳಿ ಹೊದ್ದು ಮೊಬೈಲ್ ನೋಡುತ್ತಾ ಬಿದ್ದಿರುತ್ತೇನೆ. ನಾನು ಅಷ್ಟು ಸೋಮಾರಿಯಾ? ಯಾವ ಪುಸ್ತಕದಿಂದ ಮತ್ತೆ ಶುರು ಮಾಡಲಿ?
— ಹೆಸರು ಬೇಡ, ಔಲು

ಉತ್ತರ: ಸೋಮಾರಿತನ ಅಲ್ಲ ತಂಗಿ, ನಿಮಗೆ ಬೆಳಕು ಸಾಲುತ್ತಿಲ್ಲ. ಸೂರ್ಯನೇ ಏಳದ ಧ್ರುವದ ಕತ್ತಲಿಗೆ ಅಲ್ಲಿಯವರು ಕಾಮೋಸ್ ಅನ್ನುತ್ತಾರೆ, ಚಳಿಗಾಲದಲ್ಲಿ ಕವಿಯುವ ಮಂಕಿಗೂ ಅದೇ ಹೆಸರು ಅಂಟಿಕೊಂಡಿದೆ. ಹುಟ್ಟಿ ಬೆಳೆದವರಿಗೇ ಕಷ್ಟ ಅಂದಮೇಲೆ ಮೊದಲ ವರ್ಷದ ನಿಮಗೆ ಆಗದೆ ಇರುತ್ತಾ? 10,000 ಲಕ್ಸ್‌ನ ದೀಪ ಅಂತ ಸಿಗುತ್ತೆ, ಲಕ್ಸ್ ಅಂದರೆ ಬೆಳಕಿನ ಅಳತೆ. ಬೆಳಿಗ್ಗೆ ಎದ್ದ ಕೂಡಲೇ ಅರ್ಧ ಗಂಟೆ ಅದರ ಮುಂದೆ ಕೂರಬೇಕು, ದೀಪವನ್ನೇ ದಿಟ್ಟಿಸಬಾರದು. ಓದುವುದನ್ನು ಆ ಅರ್ಧ ಗಂಟೆಗೆ ತನ್ನಿ. ಕಣ್ಣಿನ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಇನ್ನು ಎರಡು ವಾರ ಕಳೆದರೂ ಹಾಸಿಗೆ ಬಿಟ್ಟು ಏಳಲಾಗುತ್ತಿಲ್ಲ, ಯಾವುದೂ ಬೇಡ ಅನ್ನಿಸುತ್ತಿದೆ ಅಂದರೆ ಪುಸ್ತಕದ ಮಾತು ಆಮೇಲೆ, ಸೀದಾ ಆರೋಗ್ಯ ಕೇಂದ್ರಕ್ಕೆ ಹೋಗಿ.

ವಾರಕ್ಕೊಂದು ಪುಸ್ತಕದ ಲೆಕ್ಕ ಇವತ್ತೇ ಬಿಟ್ಟುಬಿಡಿ. ಕಿಟಕಿ ಪಕ್ಕ ಕಾಫಿ, ಹೊರಗೆ ಹಿಮ, ತೊಡೆ ಮೇಲೆ ಪುಸ್ತಕ, ಈ ಫೋಟೊಗಳನ್ನು ನಾನಂತೂ ನಂಬುವುದಿಲ್ಲ. ಕತ್ತಲಲ್ಲಿ ಒಬ್ಬರೇ ಸುಮ್ನೆ ಕೂತು ಓದಿದರೆ ಕತ್ತಲೆ ಇನ್ನೂ ಜಾಸ್ತಿ ಆಗುತ್ತೆ. ಐಸ್‌ಲ್ಯಾಂಡಿನ ಹಳ್ಳಿಮನೆಗಳಲ್ಲಿ 20ನೇ ಶತಮಾನದ ಆರಂಭದವರೆಗೂ ಕ್ವೋಲ್ಡ್‌ವಾಕಾ ಅಂತ ಒಂದು ರೂಢಿ ಇತ್ತು. ಚಳಿಗಾಲದ ಸಂಜೆ ಮನೆಮಂದಿ, ಆಳುಕಾಳು ಎಲ್ಲ ಒಂದೇ ಕೋಣೆಯಲ್ಲಿ ಕೂತು ಉಣ್ಣೆ ಹಿಂಜುವುದು, ನೂಲುವುದು, ಹೆಣೆಯುವುದು, ಒಬ್ಬರು ಮಾತ್ರ ದೀಪದ ಹತ್ತಿರ ಕೂತು ಎಲ್ಲರಿಗೂ ಕೇಳುವ ಹಾಗೆ ಹಳೆಯ ಕಥೆ ಓದುವುದು. ನಮ್ಮ ಮಲೆನಾಡಿನ ಅಡಿಕೆ ಸುಲಿಯುವ ರಾತ್ರಿಗಳೂ ಹೀಗೇ ಅಲ್ವಾ? ಮೆಟ್ಟುಗತ್ತಿ ಮುಂದೆ ಕೂತವರ ಕೈ ತನ್ನ ಪಾಡಿಗೆ ಸುಲಿಯುತ್ತಾ ಇರುತ್ತೆ, ಯಾರೋ ಕಥೆ ಹೇಳುತ್ತಾರೆ, ನಡುವೆ ಚಹಾ ಬರುತ್ತೆ. ಚಿಕ್ಕವಳಿದ್ದಾಗ ಕಣ್ಣು ಎಳೆಯುತ್ತಿದ್ದರೂ ನಾನು ಎದ್ದು ಹೋಗುತ್ತಿರಲಿಲ್ಲ, ಎಲ್ಲಿ ಕಥೆ ತಪ್ಪಿಹೋಗುತ್ತೋ ಅಂತ.

ನೀವೂ ಜೋರಾಗಿ ಓದಿ. ಊರಲ್ಲಿ ಅಮ್ಮನೋ ಅತ್ತೆಯೋ ಯಾರಾದರೂ ಇರ್ತಾರಲ್ಲ. ನಿಮಗೆ ಸಂಜೆ ಐದಾದಾಗ ಅವರಿಗೆ ರಾತ್ರಿ ಎಂಟೂವರೆ, ಊಟ ಮುಗಿದಿರುತ್ತೆ. ಫೋನ್ ಮಾಡಿ ದಿನಾ ನಾಲ್ಕು ಪುಟ ಓದಿ ಹೇಳಿ. ಅವರು ನಡುವೆ ಬಾಯಿ ಹಾಕುತ್ತಾರೆ, ಪಕ್ಕದ ಮನೆ ಸುದ್ದಿ ತೆಗೆಯುತ್ತಾರೆ, ಓದು ಎರಡೇ ಪುಟಕ್ಕೆ ನಿಲ್ಲುತ್ತೆ. ನಿಲ್ಲಲಿ ಬಿಡಿ. ನಾಳೆ ‘ಮುಂದೇನಾಯ್ತೇ?’ ಅಂತ ಅವರೇ ಕೇಳುತ್ತಾರೆ.

ಹಗಲಿನಲ್ಲಿ ಲೈಬ್ರರಿಗೆ ಹೋಗಿ. ಫಿನ್ಲೆಂಡಿನಲ್ಲಿ ಸಾರ್ವಜನಿಕ ಲೈಬ್ರರಿಯ ಪುಸ್ತಕ ಎರವಲು ಕಾನೂನಿನ ಪ್ರಕಾರವೇ ಉಚಿತ. ಸೆಲ್ಕೊಕಿರ್ಯಾ ಎಲ್ಲಿದೆ ಅಂತ ಕೇಳಿ, ಭಾಷೆ ಕಲಿಯುವವರಿಗೂ ಆಗುವಂಥ ಸರಳ ಫಿನ್ನಿಶ್ ಪುಸ್ತಕಗಳು ಅವು. ಒಂದು ಪದವೂ ತಲೆಗೆ ಹೋಗದಿದ್ದರೂ ಪರವಾಗಿಲ್ಲ, ನಾಲ್ಕು ಮುಖ ನೋಡಿ ಬಂದ ಹಾಗಾಯ್ತು.

ಡೈರಿ ನಿಂತಿದ್ದು ಯಾಕೆ ಗೊತ್ತಾ? ನಾಲ್ಕು ದಿನವೂ ‘ಬೇಜಾರು’ ಅಂತಲೇ ಬರೆದಿರುತ್ತೀರಿ, ಐದನೇ ದಿನ ಅದನ್ನೇ ಮತ್ತೆ ಬರೆಯೋಕೆ ಯಾರಿಗೆ ಮನಸ್ಸು ಬರುತ್ತೆ? ಮನಸ್ಸಿನ ವಿಷಯ ಬಿಟ್ಟು ಕಣ್ಣಿಗೆ ಬಿದ್ದದ್ದು ಬರೆಯಿರಿ. ಸೂರ್ಯ ಎಷ್ಟು ಗಂಟೆಗೆ ಕಂಡ, ಬಸ್‌ಸ್ಟಾಪಿನ ಅಜ್ಜಿಯ ಟೋಪಿ ಯಾವ ಬಣ್ಣ, ಇವತ್ತಿನ ಸಾರಿಗೆ ಕೊತ್ತಂಬರಿ ಸಿಕ್ಕಿತೋ ಇಲ್ಲವೋ. ಮೂರು ಸಾಲು ಸಾಕು, ಕೈಯಲ್ಲೇ, ಕನ್ನಡದಲ್ಲೇ. ಈಗ ನಿಮ್ಮ ಹಗಲು ಮೂರೂವರೆ ಗಂಟೆ. ಫೆಬ್ರುವರಿ ಶುರುವಾಗುವ ಹೊತ್ತಿಗೆ ಹತ್ತಿರ ಹತ್ತಿರ 7 ಗಂಟೆ ಆಗಿರುತ್ತೆ, ಅಷ್ಟೂ ನಿಮ್ಮ ಕೈಬರಹದಲ್ಲೇ ದಾಖಲಾಗಿರುತ್ತೆ. ಆಗ ಒಂದು ಪುಟದ ಫೋಟೊ ತೆಗೆದು ನನಗೂ ಕಳಿಸಿ.

ಯಾವ ಪುಸ್ತಕದಿಂದ ಶುರು ಮಾಡಲಿ ಅಂದಿರಲ್ಲ, ಇಪ್ಪತ್ತರಲ್ಲಿ ಅತಿ ತೆಳ್ಳಗಿರುವುದು ಯಾವುದೋ ಅದು. ಅರ್ಧಕ್ಕೆ ಬಿಟ್ಟದ್ದು ಹಾಗೇ ಇರಲಿ.