ಮಾಸ್ಟರ್ ಕುರ್ಚಿಗೆ ಕಂಠಪಾಠವೊಂದೇ ಅರ್ಹತೆಯೇ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಫ್ರೀಮೇಸನ್ ಲಾಡ್ಜ್‌ನ, ಅಂದರೆ ದೀಕ್ಷೆ ಪಡೆದವರ ಸೋದರಸಂಘದ ಶಾಖೆಯೊಂದರ, ಸದಸ್ಯ. ಈಗ ಸೀನಿಯರ್ ವಾರ್ಡನ್ (ಮಾಸ್ಟರ್ ನಂತರದ ಹುದ್ದೆ) ಆಗಿದ್ದೇನೆ, ರೂಢಿಯಂತೆ ಮುಂದಿನ ವರ್ಷ ಲಾಡ್ಜ್‌ನ ಮುಖ್ಯಸ್ಥನಾದ ಮಾಸ್ಟರ್ ಆಗಬೇಕು. ವೃತ್ತಿಯಲ್ಲಿ ಸಿದ್ಧ ಉಡುಪು ಕಾರ್ಖಾನೆಯ ವ್ಯವಸ್ಥಾಪಕ. ಸಭೆಗೆ ಬರುವುದನ್ನೇ ಬಿಟ್ಟಿದ್ದ ಸದಸ್ಯರನ್ನು ಮನೆಮನೆಗೆ ಹೋಗಿ ಕರೆತಂದವನೂ ದತ್ತಿನಿಧಿಯ ಲೆಕ್ಕವನ್ನು ಹಳಿಗೆ ತಂದವನೂ ನಾನೇ. ಆದರೆ ರಿಚುಯಲ್, ಅಂದರೆ ವಿಧಿಗಳಲ್ಲಿ ಬಾಯಿಪಾಠವಾಗಿ ಹೇಳಬೇಕಾದ ಮಾತು, ನನ್ನ ನಾಲಿಗೆಗೆ ಹತ್ತುವುದಿಲ್ಲ. ತೀರ್ಥಹಳ್ಳಿ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಆ ಹಳೆಯ ಇಂಗ್ಲಿಷ್ ಮಾತುಗಳು ಕೈಕೊಡುತ್ತವೆ. ಈಚೆಗೆ ನಡುವೆಯೇ ತಡವರಿಸಿ ನಿಂತುಬಿಟ್ಟೆ. ಪುಸ್ತಕವನ್ನು ಅರೆದು ಕುಡಿದಿರುವ ಹಿರಿಯ ಪಾಸ್ಟ್ ಮಾಸ್ಟರ್ (ಮಾಜಿ ಮಾಸ್ಟರ್) ಒಬ್ಬರು ಊಟದ ಮೇಜಿನಲ್ಲಿ ಎಲ್ಲರೆದುರು, ‘ಇವರಿಗೆ ಕುರ್ಚಿ ಕೊಟ್ಟರೆ ಲಾಡ್ಜ್‌ನ ಮಾನ ಹೋಗುತ್ತದೆ’ ಎಂದರು. ತಾವೇ ಮತ್ತೆ ಮಾಸ್ಟರ್ ಆಗಲು ಅವರು ಸಿದ್ಧರಿದ್ದಾರೆ. ಹಿಂದೆ ಅವರಿದ್ದ ವರ್ಷ ಹೊಸಬರು ಹಲವರು ಬಿಟ್ಟುಹೋಗಿದ್ದರು. ಬರೀ ಬಾಯಿಪಾಠಕ್ಕೆ ಇಷ್ಟು ಬೆಲೆಯೇ? ನಾನು ಹಿಂದೆ ಸರಿಯಲೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ಹಿಂದೆ ಸರಿಯಬೇಡಿ. ಆದರೆ ‘ಬರೀ ಬಾಯಿಪಾಠ’ ಎಂದು ಬರೆದಿದ್ದೀರಲ್ಲ, ಆ ಭಾವನೆಯನ್ನು ಇಟ್ಟುಕೊಂಡು ಕುರ್ಚಿಯ ಮೇಲೆ ಕೂರಲೂ ಬೇಡಿ.

ನಾನು ಫ್ರೀಮೇಸನ್ ಅಲ್ಲ; ನಿಮ್ಮ ಸಂಸ್ಥೆಯ ಕುರಿತು ಎಲ್ಲರಿಗೂ ತಿಳಿಯುವಂತೆ ಮುದ್ರಣಗೊಂಡಿರುವುದನ್ನಷ್ಟೇ ಆಧರಿಸಿ ಹೇಳುತ್ತಿದ್ದೇನೆ. 1717ರಲ್ಲಿ ಲಂಡನ್ನಿನಲ್ಲಿ ಮೊದಲ ಗ್ರ್ಯಾಂಡ್ ಲಾಡ್ಜ್ (ಲಾಡ್ಜ್‌ಗಳ ಮೇಲಿನ ಆಡಳಿತ ಸಂಸ್ಥೆ) ರೂಪುಗೊಂಡ ಆರು ವರ್ಷಗಳ ಮೇಲೆ, 1723ರಲ್ಲಿ, ಜೇಮ್ಸ್ ಆ್ಯಂಡರ್ಸನ್ ಸಿದ್ಧಪಡಿಸಿದ ನಿಯಮಗ್ರಂಥ ಹೊರಬಂತು. ಮಾಸ್ಟರನ್ನಾಗಲಿ ವಾರ್ಡನ್ನನ್ನಾಗಲಿ ಹಿರಿತನ ನೋಡಿ ಆರಿಸಬಾರದು, ಯೋಗ್ಯತೆ ನೋಡಿ ಆರಿಸಬೇಕು ಎಂದು ಅದರಲ್ಲಿ ಸ್ಪಷ್ಟವಾಗಿಯೇ ಇದೆ. ಈ ಮಾತು ನಿಮ್ಮ ಹಿರಿಯರಿಗೆ ಎಷ್ಟು ಅನ್ವಯಿಸುತ್ತದೆಯೋ ನಿಮಗೂ ಅಷ್ಟೇ ಅನ್ವಯಿಸುತ್ತದೆ: ಸೀನಿಯರ್ ವಾರ್ಡನ್ ಆದವರು ಮರುವರ್ಷ ಮೇಲೇರುವುದು ರೂಢಿಯೇ ಹೊರತು ಹಕ್ಕಲ್ಲ, ಮಾಸ್ಟರನ್ನು ನಿರ್ಧರಿಸುವುದು ಸದಸ್ಯರ ಗುಪ್ತ ಮತ. ಮಾಸ್ಟರ್ ಆಗುವವರು ಮೊದಲು ಒಂದು ವರ್ಷವಾದರೂ ವಾರ್ಡನ್ ಆಗಿರಬೇಕು ಎಂಬ ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್‌ನ ನಿಯಮದ ಉದ್ದೇಶವೂ ಯೋಗ್ಯತೆಯ ಪರೀಕ್ಷೆಯೇ ಇರಬೇಕು.

ಇನ್ನು ಕಂಠಪಾಠಕ್ಕೆ ಹಿರಿಯರು ಕೊಡುವ ಮಹತ್ವಕ್ಕೆ ಕಾರಣವಿಲ್ಲದೆ ಇಲ್ಲ. ಇಂಗ್ಲೆಂಡಿನ ಎರಡು ಪ್ರತಿಸ್ಪರ್ಧಿ ಗ್ರ್ಯಾಂಡ್ ಲಾಡ್ಜ್‌ಗಳು 1813ರಲ್ಲಿ ಒಂದಾದಾಗ, ಒಪ್ಪಿತವಾದ ವಿಧಿಗಳನ್ನು ಅಧಿಕೃತ ಪುಸ್ತಕವಾಗಿ ಅಚ್ಚುಹಾಕಿ ಹಂಚಲಿಲ್ಲ. ಪ್ರತ್ಯಕ್ಷ ನಡೆಸಿ ತೋರಿಸಿ, ಕೇಳಿ ಕಲಿಯುವಂತೆ ಮಾಡಿದರು. ನೆನಪಿಟ್ಟುಕೊಂಡವರು ಇಲ್ಲದಿದ್ದರೆ ವಿಧಿಯೇ ಉಳಿಯದ ಕಾಲ ಅದು. 1823ರಲ್ಲಿ ಲಂಡನ್ನಿನಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿರುವ ಎಮ್ಯುಲೇಷನ್ ಲಾಡ್ಜ್ ಆಫ್ ಇಂಪ್ರೂವ್‌ಮೆಂಟ್‌ನಲ್ಲಿ, ಮರೆತ ಪದವನ್ನು ಯಾರೂ ಎತ್ತಿಕೊಡದೆ, ಒಂದು ಪದವೂ ತಪ್ಪದೆ ಇಡೀ ವಿಧಿಯನ್ನು ನಡೆಸಿದವರಿಗೆ ಬೆಳ್ಳಿಯ ಬೆಂಕಿಪೊಟ್ಟಣದ ಕವಚವನ್ನು ಕೊಡುವ ಸಂಪ್ರದಾಯವಿದೆ. ನನಗೆ ಮುಖ್ಯವಾಗಿ ಕಾಣುವುದು ಏನೆಂದರೆ, ಅದು ಅಭ್ಯಾಸಕ್ಕೆಂದೇ ಇರುವ ಲಾಡ್ಜ್. ಅಲ್ಲಿ ಬೆಳ್ಳಿ ಗೆದ್ದವರಿಗೆ ತಮ್ಮ ಲಾಡ್ಜ್‌ನ ಕುರ್ಚಿ ತಾನಾಗಿ ಸಿಗುವುದಿಲ್ಲ. ಪಾಠದ ಪಾಂಡಿತ್ಯವನ್ನು ಗೌರವಿಸುವುದು ಬೇರೆ, ಅದರ ಕೈಗೆ ಆಡಳಿತ ಕೊಡುವುದು ಬೇರೆ ಎಂಬುದು ಆ ಪರಂಪರೆಗೇ ಗೊತ್ತಿತ್ತು.

ಹಾಗೆಂದು ನೀವು ಗೆದ್ದಿರೆಂದು ತಿಳಿಯಬೇಡಿ. ಯಕ್ಷಗಾನ ಮೇಳದಲ್ಲಿ ಯಜಮಾನರೇ ಬೇರೆ, ಭಾಗವತರೇ ಬೇರೆ; ಯಜಮಾನರಿಗೆ ಒಂದು ಪದವೂ ಹಾಡಲು ಬಾರದಿದ್ದರೂ ಆಟ ನಡೆಯುತ್ತದೆ. ಲಾಡ್ಜ್‌ನಲ್ಲಿ ಆ ಎರಡೂ ಕೆಲಸಗಳು ಒಂದೇ ಕುರ್ಚಿಗೆ ಸೇರಿವೆ. ದೀಕ್ಷೆಗೆಂದು ಬಂದು ನಿಂತ ಹೊಸಬನ ಬದುಕಿನಲ್ಲಿ ಆ ಸಂಜೆ ಒಮ್ಮೆ ಮಾತ್ರ ಬರುತ್ತದೆ. ಅವನಿಗೆ ನಿಮ್ಮ ದತ್ತಿನಿಧಿಯ ಲೆಕ್ಕ ತಿಳಿಯದು; ತನಗೆ ಪ್ರತಿಜ್ಞೆ ಬೋಧಿಸುತ್ತಿರುವವರು ತಾವು ಹೇಳುತ್ತಿರುವ ಮಾತನ್ನು ನಂಬಿದ್ದಾರೆಯೇ ಎಂಬುದಷ್ಟೇ ಅವನಿಗೆ ಕಾಣುತ್ತದೆ. ಅಲ್ಲಿ ನೀವು ಕಾಗದದತ್ತ ಇಣುಕಿದರೆ, ನೀವು ಮನೆಮನೆಗೆ ಹೋಗಿ ಕರೆತಂದ ಸದಸ್ಯರೇ ಮುಂದಿನ ಸಭೆಗೆ ಬರಲು ಹಿಂಜರಿದಾರು.

ಆದ್ದರಿಂದ ಭಾರವನ್ನು ಹಂಚಿಕೊಳ್ಳಿ, ಆದರೆ ಪೂರ್ತಿ ಇಳಿಸಿಬಿಡಬೇಡಿ. ಸಭೆಯನ್ನು ತೆರೆಯುವ ಮತ್ತು ಮುಗಿಸುವ ಭಾಗ, ಮೊದಲ ದೀಕ್ಷೆಯ ಪ್ರತಿಜ್ಞೆ ಇವೆರಡನ್ನು ನಿಮ್ಮದಾಗಿಸಿಕೊಳ್ಳಿ. ವಿಧಿಯಲ್ಲಿ ಸಂಕೇತಗಳಾಗಿ ಬರುವ ಕಲ್ಲುಕುಟಿಗರ ಕೆಲಸದ ಉಪಕರಣಗಳ ವಿವರಣೆ, ಕೊನೆಯ ದೀರ್ಘ ಉಪದೇಶ ಇತ್ಯಾದಿಗಳನ್ನು ಬೇರೆಯವರಿಗೆ ಒಪ್ಪಿಸುವುದು ಲಾಡ್ಜ್‌ಗಳಲ್ಲಿ ಸಾಮಾನ್ಯ. ಕಿರಿಯರಿಗೆ ಕೊಟ್ಟರೆ ಅವರೂ ಬೆಳೆಯುತ್ತಾರೆ. ಕಲಿಯುವಾಗ ಶಬ್ದದಿಂದ ಆರಂಭಿಸಬೇಡಿ. ಪ್ರತಿ ವಾಕ್ಯ ಏನು ಹೇಳುತ್ತಿದೆ ಎಂಬುದನ್ನು ಮೊದಲು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಳ್ಳಿ (ಬರೆದಿಡುವುದಕ್ಕೆ ನಿಮ್ಮ ಪ್ರತಿಜ್ಞೆ ಅಡ್ಡಬರಬಹುದು, ಅದು ನಿಮಗೇ ಚೆನ್ನಾಗಿ ಗೊತ್ತು), ಆಮೇಲೆ ಇಂಗ್ಲಿಷಿಗೆ ಹೋಗಿ. ನಿಮ್ಮ ವಿಧಿಯಲ್ಲಿ ಮಾತಿನ ಜೊತೆ ನಡಿಗೆಯೂ ಇರುವುದರಿಂದ, ಕುಳಿತು ಉರು ಹೊಡೆಯುವ ಬದಲು ಖಾಲಿ ಸಭಾಂಗಣದಲ್ಲಿ ನಿಂತು, ಯಾರು ಎಲ್ಲಿಂದ ಎಲ್ಲಿಗೆ ಬರುತ್ತಾರೆಂದು ನೋಡುತ್ತ ಅಭ್ಯಾಸ ಮಾಡಿ. ಮಾಸ್ಟರ್ ಎಡಬದಿಯಲ್ಲಿ ಕೂರುವ ನಿಕಟಪೂರ್ವ ಮಾಸ್ಟರ್ ಮಾತ್ರ ಎತ್ತಿಕೊಡಲಿ ಎಂದು ಮೊದಲೇ ಎಲ್ಲರಿಗೂ ತಿಳಿಸಿ. ನೀವು ತಡವರಿಸಿದ ದಿನ ನಾಲ್ಕು ಮೂಲೆಗಳಿಂದ ನಾಲ್ಕು ಪದಗಳು ಬಂದಿರಬೇಕು. ಅದರಲ್ಲಿ ಯಾರಿಗಾದರೂ ತಲೆ ಕೆಡುತ್ತದೆ.

ಆ ಹಿರಿಯರ ವಿಷಯ. ಅವರು ಎಲ್ಲರೆದುರು ಆಡಿದ ಮಾತು ಸಲ್ಲದು, ಅದರಲ್ಲಿ ಅನುಮಾನವಿಲ್ಲ. ಆದರೆ ಅವರಿಗೆ ನೋವಾಗಿರುವುದು ನಿಮ್ಮ ಮರೆವಿನಿಂದಲ್ಲ, ನಿಮ್ಮ ತಾತ್ಸಾರದಿಂದ ಎಂದು ನನಗೆ ಅನ್ನಿಸುತ್ತದೆ. ದಶಕಗಳಿಂದ ಕಾಪಾಡಿಕೊಂಡು ಬಂದದ್ದನ್ನು ನೀವು ‘ಬಾಯಿಪಾಠ’ ಎಂದು ಅವರ ಕಿವಿಗೆ ಬೀಳುವಂತೆ ಎಂದಾದರೂ ಅಂದಿರಬಹುದು. ಮತದಾನಕ್ಕೆ ಮೊದಲೇ ಅವರ ಮನೆಗೆ ಹೋಗಿ. ಉಳಿದವರ ಮನೆಗೆ ಹೋದವರು ನೀವು, ಇವರ ಮನೆಯನ್ನು ಯಾಕೆ ಬಿಟ್ಟಿರಿ? ನೀವು ಮಾಸ್ಟರ್ ಆದರೆ ಡೈರೆಕ್ಟರ್ ಆಫ್ ಸೆರಿಮನೀಸ್ ಹೊಣೆ ಹೊರಲು ಒಪ್ಪುತ್ತೀರಾ ಎಂದು ಕೇಳಿ. ಎಲ್ಲ ವಿಧಿಗಳ ಸರಾಗ ನಡೆಗೆ ಉತ್ತರ ಕೊಡಬೇಕಾದ ಆ ಹುದ್ದೆ ಅವರ ಜ್ಞಾನಕ್ಕೆ ಸರಿಯಾದ ಜಾಗ, ಮತ್ತು ಹೊಸಬರನ್ನು ಗದರಿಸುವ ಅಧಿಕಾರ ಅಲ್ಲಿ ಕಡಿಮೆ. ಅವರಿಂದಲೇ ಪ್ರತಿಜ್ಞೆಯ ಭಾಗವನ್ನು ಹೇಳಿಸಿಕೊಂಡು ಕಲಿಯಿರಿ. ಒಪ್ಪದಿದ್ದರೆ ಅವರೂ ಸ್ಪರ್ಧಿಸಲಿ, ಸದಸ್ಯರೇ ತೀರ್ಮಾನಿಸಲಿ. ಅವರ ವಿರುದ್ಧ ಗುಂಪು ಕಟ್ಟುವುದಕ್ಕೆ ಮಾತ್ರ ಹೋಗಬೇಡಿ.

ಒಂದು ವೇಳೆ ಚುನಾವಣೆಯ ಹೊತ್ತಿಗೂ ಸಭೆ ತೆರೆಯುವ ಭಾಗವೇ ನಿಮಗೆ ಹಿಡಿತಕ್ಕೆ ಸಿಗದಿದ್ದರೆ, ಇನ್ನೊಂದು ವರ್ಷ ವಾರ್ಡನ್ ಆಗಿಯೇ ಇರುತ್ತೇನೆಂದು ನೀವಾಗಿಯೇ ಹೇಳಿ. ಆಗಲೂ ಕಾರಣ ನಿಮ್ಮ ಸಿದ್ಧತೆಯದಾಗಿರಲಿ, ಊಟದ ಮೇಜಿನ ಮಾತಿನದಲ್ಲ.