ಮೇಷ್ಟ್ರ ನೇಮಕದ ಎರಡು ಪಟ್ಟಿ: ಚೌಟಾಲಾ ಜೈಲಿಗೆ ಹೋದದ್ದು ಹೇಗೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ನಾಲ್ಕೈದು ಒಬ್ಬರ ಬಗ್ಗೆಯೇ ಇದ್ದವು. ಹರಿಯಾಣದ ಮಾಜಿ ಮುಖ್ಯಮಂತ್ರಿ ಓಂ ಪ್ರಕಾಶ್ ಚೌಟಾಲಾ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಡಿ.ಎಡ್ ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದೇನೆ. ಚೌಟಾಲಾ ಅವರಿಗೆ ಶಿಕ್ಷಕರ ನೇಮಕಾತಿ ಹಗರಣದಲ್ಲಿ ಹತ್ತು ವರ್ಷ ಶಿಕ್ಷೆ ಆಯಿತು ಅಂತ ಓದಿದೆ. ಅವರ ಮನೆಯಲ್ಲಿ ಲಂಚದ ದುಡ್ಡು ಸಿಕ್ಕಿತ್ತಾ? ಸಿಗದಿದ್ದರೆ ಅಷ್ಟು ದೊಡ್ಡ ಶಿಕ್ಷೆ ಹೇಗೆ? (ಓದುಗರು, ಹಾವೇರಿ)

ಲಂಚ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ನೋಟಿನ ಕಂತೆ. ಈ ಕೇಸಿನಲ್ಲಿ ಮಾತನಾಡಿದ್ದು ನೋಟಲ್ಲ, ಕಾಗದ. ಅದೂ ಅಂಕ ಬರೆದ ಪಟ್ಟಿ.

1999-2000ರಲ್ಲಿ ಹರಿಯಾಣ ಸರ್ಕಾರ 3,206 ಪ್ರಾಥಮಿಕ ಶಾಲಾ ಶಿಕ್ಷಕರನ್ನು ನೇಮಿಸಿಕೊಂಡಿತು. ಅಲ್ಲಿ ಅವರನ್ನು ಜೆಬಿಟಿ ಶಿಕ್ಷಕರು ಅನ್ನುತ್ತಾರೆ. ಈ ಆಯ್ಕೆಯನ್ನು ರಾಜ್ಯದ ಸಿಬ್ಬಂದಿ ಆಯ್ಕೆ ಆಯೋಗದ ಕೈಯಿಂದ ತೆಗೆದು ಜಿಲ್ಲಾ ಸಮಿತಿಗಳಿಗೆ ಕೊಟ್ಟರು. ಸಮಿತಿಗಳು ಸಂದರ್ಶನ ಮಾಡಿದವು, ಅಂಕ ಹಾಕಿದವು, ಪಟ್ಟಿ ತಯಾರಾಯಿತು. ಇಲ್ಲಿಯವರೆಗೆ ಎಲ್ಲ ಸರಿ. ಫಲಿತಾಂಶ ಹೊರಗೆ ಬಂದಾಗ ಮಾತ್ರ ಅದು ಬೇರೆ ಪಟ್ಟಿಯಿಂದ ಬಂದಿತ್ತು. ಸಮಿತಿಯ ಅಧಿಕಾರಿಗಳನ್ನು ದೆಹಲಿಯ ಹರಿಯಾಣ ಭವನಕ್ಕೆ, ಚಂಡೀಗಢದ ಒಂದು ಅತಿಥಿಗೃಹಕ್ಕೆ ಕರೆಸಿ ಎರಡನೇ ಪಟ್ಟಿ ಬರೆಸಿದ್ದರು. ಬೇಕಾದವರಿಗೆ ಸಂದರ್ಶನದ ಅಂಕ ಜಾಸ್ತಿ, ಬೇಡದವರಿಗೆ ಕಮ್ಮಿ. ಅಂದರೆ ಸಂದರ್ಶನ ಆದ ಮೇಲೆ, ಅಭ್ಯರ್ಥಿಯ ಮುಖವನ್ನೇ ನೋಡದೆ, ಅಂಕ ಬಿತ್ತು.

ಈ ಕಥೆಯಲ್ಲಿ ನನಗೆ ಮರೆಯಲಾಗದ್ದು ಒಂದು ಸ್ಟೀಲ್ ಬೀರು. ಆಗ ಪ್ರಾಥಮಿಕ ಶಿಕ್ಷಣ ಇಲಾಖೆಯ ನಿರ್ದೇಶಕಿಯಾಗಿದ್ದವರು ಐಎಎಸ್ ಅಧಿಕಾರಿ ರಜನಿ ಶೇಖ್ರಿ ಸಿಬಲ್. ಪಟ್ಟಿ ಬದಲಿಸಲು ಅವರು ಒಪ್ಪಲಿಲ್ಲ. ಒಪ್ಪದವರಿಗೆ ಎತ್ತಂಗಡಿ ಖಾತ್ರಿ, ಅದು ಅವರಿಗೂ ಗೊತ್ತಿತ್ತು. ಅದಕ್ಕೇ ಮೂಲ ಪಟ್ಟಿಗಳನ್ನಿಟ್ಟ ಬೀರುವಿಗೆ ಬಟ್ಟೆ ಸುತ್ತಿಸಿ, ಸಹಿ ಹಾಕಿಸಿ, ಸೀಲ್ ಮಾಡಿಸಿದರು. ಬೀಗಕ್ಕೆ ನಕಲಿ ಕೀಲಿ ಮಾಡಿಸಬಹುದು. ಸಹಿ ಇರುವ ಬಟ್ಟೆಯನ್ನು ಕತ್ತರಿಸಿದರೆ ಯಾರೋ ಕೈ ಹಾಕಿದ್ದಾರೆ ಅಂತ ಗೊತ್ತಾಗದೆ ಇರುತ್ತಾ? ಇಲಾಖೆಗಳಲ್ಲಿ ಹತ್ತಾರು ವರ್ಷ ಕಡತ ನೋಡಿದವರಿಗೆ ಮಾತ್ರ ಹೊಳೆಯುವ ಉಪಾಯ ಇದು.

ಇನ್ನು ನಿಮ್ಮ ಪ್ರಶ್ನೆಯ ಎರಡನೇ ಭಾಗ. ಶಿಕ್ಷೆಯಾದ ಕಲಮುಗಳು ಒಳಸಂಚಿನ 120ಬಿ, ಅದರ ಜೊತೆ ಐಪಿಸಿಯ 418, 467, 471, ಮತ್ತೆ ಭ್ರಷ್ಟಾಚಾರ ತಡೆ ಕಾಯ್ದೆ. 467 ಮತ್ತು 471 ಅಂದರೆ ಖೋಟಾ ದಾಖಲೆ ಸೃಷ್ಟಿಸುವುದು, ಅದನ್ನು ಅಸಲಿ ಅಂತ ಬಳಸುವುದು. 418 ಸ್ವಲ್ಪ ಅಪರೂಪದ ಕಲಮು. ಯಾರ ಹಿತ ಕಾಯುವುದು ನಿನ್ನ ಹೊಣೆಯೋ ಅವರಿಗೇ ನಷ್ಟವಾಗುತ್ತದೆ ಅಂತ ಗೊತ್ತಿದ್ದೂ ಮೋಸ ಮಾಡುವುದು. ಸಾಮಾನ್ಯ 420ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅಲ್ಲೇ ಇದೆ. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲೂ ಆಗ 13(1)(ಡಿ) ಇತ್ತು. ಅಧಿಕಾರ ದುರುಪಯೋಗ ಮಾಡಿ ಇನ್ನೊಬ್ಬರಿಗೆ ಲಾಭ ಮಾಡಿಕೊಟ್ಟರೂ ಸಾಕು, ದುಡ್ಡು ನಿಮ್ಮ ಜೇಬಿಗೇ ಬಿದ್ದಿರಬೇಕು ಅಂತಿಲ್ಲ. ಲಂಚದ ಮಾತು ಹರಿಯಾಣದಲ್ಲಿ ಬೇಕಾದಷ್ಟು ಕೇಳಿಬಂದಿತ್ತು. ಆದರೆ ಕೇಸು ನಿಂತದ್ದು ಎರಡು ಪಟ್ಟಿಗಳ ಮೇಲೆ. ನಮ್ಮ 545 ಪಿಎಸ್‌ಐ ನೇಮಕಾತಿಯ ಓಎಂಆರ್ ಶೀಟ್ ಗಲಾಟೆ ನೆನಪಿರುವವರಿಗೆ ಇದು ಬೇಗ ಅರ್ಥವಾಗುತ್ತದೆ.

2013ರ ಜನವರಿ 16ರಂದು ದೆಹಲಿಯ ರೋಹಿಣಿಯ ಸಿಬಿಐ ವಿಶೇಷ ನ್ಯಾಯಾಲಯ 55 ಜನರನ್ನು ದೋಷಿಗಳು ಎಂದಿತು. 22ರಂದು ಶಿಕ್ಷೆ ಪ್ರಕಟವಾಯಿತು. ಚೌಟಾಲಾ, ಅವರ ಮಗ ಅಜಯ್ ಚೌಟಾಲಾ ಸೇರಿ ಹತ್ತು ಮಂದಿಗೆ ಹತ್ತು ವರ್ಷ. ಮಿಕ್ಕವರಲ್ಲಿ ಹೆಚ್ಚಿನವರಿಗೆ ನಾಲ್ಕು ವರ್ಷ. ಇವರು ಬಹುಪಾಲು ಶಿಕ್ಷಣ ಇಲಾಖೆಯವರು, ಮೇಲಿನವರು ಹೇಳಿದ್ದಕ್ಕೆ ಸಹಿ ಹಾಕಿದವರು. "ಸಾಹೇಬರು ಹೇಳಿದರು, ಹಾಕಿದೆ" ಅನ್ನುವುದು ಕ್ರಿಮಿನಲ್ ಕೋರ್ಟಿನಲ್ಲಿ ನಡೆಯುವುದಿಲ್ಲ. 2015ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಚೌಟಾಲಾ ಅವರ ಶಿಕ್ಷೆಯನ್ನು ಎತ್ತಿಹಿಡಿಯಿತು, ಕೆಳಗಿನ ನೌಕರರ ಶಿಕ್ಷೆಯನ್ನು ಇಳಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್‌ನ ಬಾಗಿಲೂ ಮುಚ್ಚಿತು.

ಪ್ರಶ್ನೆ: ಹಗರಣ ಹೊರಗೆ ತಂದ ಅಧಿಕಾರಿಗೇ ಶಿಕ್ಷೆ ಆಯಿತಂತೆ. ಇದು ನ್ಯಾಯವೇ? (ಓದುಗರು, ಮೈಸೂರು)

ಹೌದು, ಆಯಿತು. ಸಿಬಲ್ ಅವರ ನಂತರ ನಿರ್ದೇಶಕರಾಗಿ ಬಂದವರು ಸಂಜೀವ್ ಕುಮಾರ್. ಪಟ್ಟಿ ಬದಲಿಸಲು ತಮ್ಮ ಮೇಲೆ ಒತ್ತಡ ಇತ್ತು ಎಂದು 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಅವರೇ. ಅಲ್ಲಿಂದಲೇ ಸಿಬಿಐ ತನಿಖೆ ಶುರುವಾಯಿತು. ತನಿಖೆ ಮುಂದುವರಿದಂತೆ ಎರಡನೇ ಪಟ್ಟಿ ತಯಾರಾಗುವಲ್ಲಿ ಅವರ ಕೈಯೂ ಇತ್ತು ಎಂದು ಸಿಬಿಐ ಹೇಳಿತು, ಕೋರ್ಟ್ ಒಪ್ಪಿತು. ಅವರಿಗೂ ಹತ್ತು ವರ್ಷ.

ನ್ಯಾಯವೇ ಅಂತ ಕೇಳಿದ್ದೀರಿ. ಕಾನೂನಿನ ಪ್ರಕಾರ ತಪ್ಪಿಲ್ಲ. ದೂರು ಕೊಟ್ಟ ಮಾತ್ರಕ್ಕೆ ಪಾಲುದಾರನಿಗೆ ಮಾಫಿ ಸಿಗುವುದಿಲ್ಲ. ಆದರೂ ಈ ತೀರ್ಪು ಓದಿದ ಇನ್ನೊಬ್ಬ ಅಧಿಕಾರಿ, ಅರ್ಧ ಕೈ ಹಾಕಿ ಆಮೇಲೆ ಹೆದರಿದವನು, ಬಾಯಿ ಬಿಡಲು ಹಿಂಜರಿಯುತ್ತಾನೆ ಅಲ್ವಾ? ಅಂಥವರಿಗೆ ಒಂದು ದಾರಿ ಇದೆ. ಮಾಫಿ ಸಾಕ್ಷಿ ಆಗುವುದು. ಎಲ್ಲವನ್ನೂ ಮುಚ್ಚಿಡದೆ, ತನ್ನ ಪಾಲನ್ನೂ ಸೇರಿಸಿ ಹೇಳಿದರೆ ಮಾತ್ರ ಅದಕ್ಕೆ ಅವಕಾಶ. ನನ್ನ ಹತ್ತಿರ ಸಲಹೆಗೆ ಬರುವ ನೌಕರರಿಗೆ ನಾನು ಹೇಳುವುದು ಇಷ್ಟೇ: ತಪ್ಪು ಆದೇಶ ಬಂದ ದಿನವೇ ಕಡತದಲ್ಲಿ ನಿಮ್ಮ ಅಭಿಪ್ರಾಯ ಬರೆಯಿರಿ, ಮೂರು ವರ್ಷ ಆದ ಮೇಲಲ್ಲ.

ಪ್ರಶ್ನೆ: 2025ರ ಮೇ ತಿಂಗಳಲ್ಲಿ ಗಂಗಾವತಿಯ ಜನಾರ್ದನ ರೆಡ್ಡಿ ಅವರಿಗೆ ಶಿಕ್ಷೆಯಾದ ಕೂಡಲೇ ಶಾಸಕ ಸ್ಥಾನ ಹೋಯಿತು. ಚೌಟಾಲಾ ಮಾತ್ರ ಜೈಲಿನಲ್ಲಿದ್ದೂ ಶಾಸಕರಾಗಿ ಉಳಿದರಂತೆ. ಇದೆಂಥ ಭೇದ? (ಓದುಗರು, ಕೊಪ್ಪಳ)

ಭೇದ ತಾರೀಖಿನದ್ದು. ಜನಪ್ರತಿನಿಧಿ ಕಾಯ್ದೆಯ 8(4) ಎಂಬ ಕಲಮು ಹಾಲಿ ಶಾಸಕರಿಗೆ, ಸಂಸದರಿಗೆ ಒಂದು ಕೊಡೆ ಹಿಡಿದಿತ್ತು. ಮೂರು ತಿಂಗಳೊಳಗೆ ಮೇಲ್ಮನವಿ ಹಾಕಿದರೆ, ಅದು ಇತ್ಯರ್ಥವಾಗುವವರೆಗೆ ಸ್ಥಾನ ಭದ್ರ. 2013ರ ಜುಲೈ 10ರಂದು ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕೊಡೆಯನ್ನು ಕಿತ್ತುಹಾಕಿತು. ಆದರೆ ಅದಕ್ಕೂ ಮೊದಲೇ ಮೇಲ್ಮನವಿ ಹಾಕಿಕೊಂಡವರನ್ನು ಮುಟ್ಟಲಿಲ್ಲ. ಚೌಟಾಲಾಗೆ ಶಿಕ್ಷೆಯಾದದ್ದು ಜನವರಿಯಲ್ಲಿ. ಆರು ತಿಂಗಳ ಅಂತರದಲ್ಲಿ ಬಚಾವಾದರು. ಉಚಾನಾ ಕಲಾಂ ಶಾಸಕರಾಗಿಯೇ ಆ ವಿಧಾನಸಭೆಯ ಅವಧಿ ಮುಗಿಸಿದರು.

ಲಾಲು ಪ್ರಸಾದ್‌ಗೆ ಶಿಕ್ಷೆಯಾದದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ, ಅವರ ಸಂಸದ ಸ್ಥಾನ ಹೋಯಿತು. ರೆಡ್ಡಿ ಅವರ ವಿಷಯದಲ್ಲಿ ಮುಂದೆ ತೆಲಂಗಾಣ ಹೈಕೋರ್ಟಿನ ತಡೆ ಸಿಕ್ಕ ಮೇಲೆ ಸ್ಥಾನ ವಾಪಸ್ ಬಂತು. ಈಗಿರುವ ದಾರಿ ಅದೊಂದೇ. ಜಾಮೀನು ಸಿಕ್ಕರೆ ಸಾಲದು, ದೋಷಿ ಎಂಬ ತೀರ್ಪಿಗೇ ತಡೆ ಬೇಕು.

ಪ್ರಶ್ನೆ: ನಮ್ಮ ತಂದೆ ಜನತಾದಳದ ಕಾಲದವರು. ದೇವಿಲಾಲ್ ಅಂದರೆ ಎದ್ದು ನಿಲ್ಲುತ್ತಿದ್ದರು. ಅಂಥವರ ಮಗ ಹೀಗಾದದ್ದು ಹೇಗೆ? (ಓದುಗರು, ಹಾಸನ)

ನಿಮ್ಮ ತಂದೆಯವರಿಗೆ ಮೆಹಮ್ ಎಂಬ ಊರಿನ ಹೆಸರು ನೆನಪಿರಬಹುದು, ಕೇಳಿ ನೋಡಿ. 1989ರ ಡಿಸೆಂಬರ್‌ನಲ್ಲಿ ದೇವಿಲಾಲ್ ಉಪಪ್ರಧಾನಿಯಾಗಿ ದೆಹಲಿಗೆ ಹೋದರು, ಮುಖ್ಯಮಂತ್ರಿ ಕುರ್ಚಿ ಮಗನಿಗೆ ಬಂತು. ಶಾಸಕರಾಗಲು ತಂದೆಯ ಕ್ಷೇತ್ರ ಮೆಹಮ್‌ನಿಂದ ನಿಂತರು. 1990ರ ಫೆಬ್ರವರಿಯ ಆ ಉಪಚುನಾವಣೆಯಲ್ಲಿ ಎಂಥ ಹಿಂಸೆ ನಡೆಯಿತೆಂದರೆ ಚುನಾವಣೆಯನ್ನೇ ರದ್ದು ಮಾಡಬೇಕಾಯಿತು. ಮತ್ತೆ ದಿನ ಗೊತ್ತಾಯಿತು, ಈ ಸಲ ಅಭ್ಯರ್ಥಿಯೊಬ್ಬರ ಕೊಲೆಯಾಯಿತು. ಮೇ ತಿಂಗಳಲ್ಲಿ ಚೌಟಾಲಾ ರಾಜೀನಾಮೆ ಕೊಟ್ಟರು. ಜುಲೈನಲ್ಲಿ ಮತ್ತೆ ಬಂದು ಕುಳಿತರು. ವಿ.ಪಿ. ಸಿಂಗ್ ಸರ್ಕಾರದಲ್ಲಿ ಕೋಲಾಹಲ ಎದ್ದಿತು, ಮಂತ್ರಿಗಳು ರಾಜೀನಾಮೆ ಕೊಟ್ಟರು. ಐದೇ ದಿನಕ್ಕೆ ಚೌಟಾಲಾ ಇಳಿದರು. 1991ರಲ್ಲಿ ಎರಡು ವಾರ. ಸರಿಯಾಗಿ ಆಳಿದ್ದು 1999ರ ಜುಲೈಯಿಂದ 2005ರ ಮಾರ್ಚ್‌ವರೆಗೆ. ಮೇಷ್ಟ್ರ ನೇಮಕ ನಡೆದದ್ದು ಈ ಅವಧಿಯ ಶುರುವಿನಲ್ಲೇ.

ಜೈಲು ಸೇರಿದ ಮೇಲೂ ಜನ ಬಿಟ್ಟಿರಲಿಲ್ಲ ಅನ್ನುವುದನ್ನೂ ಹೇಳಬೇಕು. 2014ರಲ್ಲಿ ಅನಾರೋಗ್ಯದ ಕಾರಣಕ್ಕೆ ಜಾಮೀನು ಪಡೆದು ಹೊರಗಿದ್ದವರು ಚುನಾವಣಾ ಭಾಷಣಕ್ಕೆ ನಿಂತರು. ಹೈಕೋರ್ಟ್ ಸಿಟ್ಟಾಗಿ ವಾಪಸ್ ಜೈಲಿಗೆ ಕಳಿಸಿತು. ಆ ಸಲವೂ ಅವರ ಪಕ್ಷ ಇಂಡಿಯನ್ ನ್ಯಾಷನಲ್ ಲೋಕದಳಕ್ಕೆ 19 ಸ್ಥಾನ ಬಂದವು. ಪಕ್ಷವನ್ನು ಮುಗಿಸಿದ್ದು ಕೋರ್ಟಿಗಿಂತ ಮನೆಜಗಳ. 2018ರಲ್ಲಿ ಮೊಮ್ಮಗ ದುಷ್ಯಂತ್ ಬೇರೆ ಪಕ್ಷ ಕಟ್ಟಿದರು. ಮರುವರ್ಷದ ಚುನಾವಣೆಯಲ್ಲಿ ಮೊಮ್ಮಗನಿಗೆ ಹತ್ತು ಸ್ಥಾನ, ಉಪಮುಖ್ಯಮಂತ್ರಿ ಪಟ್ಟ. ತಾತನ ಪಕ್ಷಕ್ಕೆ ಒಂದೇ ಒಂದು.

ಪ್ರಶ್ನೆ: ಅವರು ಜೈಲಿನಲ್ಲಿ ಕುಳಿತು ಎಸ್ಸೆಸ್ಸೆಲ್ಸಿ ಪಾಸ್ ಮಾಡಿದರಂತೆ. ಸುಮ್ನೆ ಹೇಳುವ ಕಥೆಯಾ? (ಓದುಗರು, ಬೆಂಗಳೂರು)

ಕಥೆ ಅಲ್ಲ, ನಿಜ. ತಿಹಾರ್‌ನಲ್ಲಿದ್ದಾಗ ಮುಕ್ತ ಶಾಲೆಯ ಮೂಲಕ ಹತ್ತನೇ ತರಗತಿಗೆ ಕಟ್ಟಿದರು. ಇಂಗ್ಲಿಷ್ ಒಂದು ಬಾಕಿ ಉಳಿಯಿತು. ಆಮೇಲೆ ಹನ್ನೆರಡನೇ ತರಗತಿಯನ್ನೂ ಬರೆದರು. ಆದರೆ ಹತ್ತರ ಇಂಗ್ಲಿಷ್ ಪಾಸಾಗಿಲ್ಲ ಅಂತ ಆ ಫಲಿತಾಂಶವನ್ನು ತಡೆಹಿಡಿದರು. ಕೋವಿಡ್ ಕಾಲದಲ್ಲಿ ಜೈಲಿನ ಜನಸಂದಣಿ ಇಳಿಸಲು ದೆಹಲಿ ಸರ್ಕಾರ ಒಂದು ಆದೇಶ ಮಾಡಿತ್ತು. ಹತ್ತು ವರ್ಷ ಶಿಕ್ಷೆಯಾಗಿ ಒಂಬತ್ತೂವರೆ ಮುಗಿಸಿದವರಿಗೆ ಆರು ತಿಂಗಳ ಮಾಫಿ. ಹಾಗೆ 2021ರ ಜುಲೈನಲ್ಲಿ ಬಿಡುಗಡೆಯಾದರು. ಮರು ತಿಂಗಳೇ ಸಿರ್ಸಾದಲ್ಲಿ ಆ ಇಂಗ್ಲಿಷ್ ಪರೀಕ್ಷೆಗೆ ಹೋದರು. ಬರೆಯಲು ಆಗುತ್ತಿರಲಿಲ್ಲ, ಇವರು ಹೇಳುತ್ತಾ ಹೋದರು, ಸಹಾಯಕರು ಬರೆದರು. ಬಂದದ್ದು 88 ಅಂಕ.

2022ರ ಮೇ ತಿಂಗಳಲ್ಲಿ, 87ನೇ ವಯಸ್ಸಿನಲ್ಲಿ, ಹತ್ತು ಮತ್ತು ಹನ್ನೆರಡು ಎರಡರ ಅಂಕಪಟ್ಟಿಯೂ ಕೈಗೆ ಬಂತು. ಅದೇ ತಿಂಗಳು ದೆಹಲಿಯ ನ್ಯಾಯಾಲಯ ಅವರಿಗೆ ಇನ್ನೊಂದು ಕೇಸಿನಲ್ಲಿ, ಆದಾಯ ಮೀರಿದ ಆಸ್ತಿಗೆ, ನಾಲ್ಕು ವರ್ಷ ಜೈಲು ಮತ್ತು 50 ಲಕ್ಷ ರೂಪಾಯಿ ದಂಡ ಹಾಕಿತು. ಆಗಸ್ಟ್‌ನಲ್ಲಿ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. 2024ರ ಡಿಸೆಂಬರ್ 20ರಂದು ಗುರುಗ್ರಾಮದಲ್ಲಿ ಅವರು ತೀರಿಕೊಂಡರು.