ಓದುಗರ ಪ್ರಶ್ನೆ: ಕ್ರಾಫಿಶ್ ತಲೆ ಹೀರ್ಬೇಕಂತೆ, ಹೌದಾ?

ಪ್ರಶ್ನೆ: ಮಗಳು ಅಳಿಯ ಅಮೆರಿಕದ ಲೂಸಿಯಾನದಲ್ಲಿದ್ದಾರೆ, ಏಪ್ರಿಲ್‌ಗೆ ಹೊರಟಿದೀನಿ. ಕ್ರಾಫಿಶ್ ಹಿಡಿಯೋಕೆ ಕರ್ಕೊಂಡು ಹೋಗ್ತೀವಿ ಅಂತಿದ್ದಾರೆ. ಇದು ಸಿಗಡಿನಾ, ಏಡಿನಾ?

ಉತ್ತರ: ಎರಡೂ ಅಲ್ಲ, ಲಾಬ್‌ಸ್ಟರ್‌ನ ಸಿಹಿನೀರಿನ ನೆಂಟ ಅನ್ನಿ, ಅಂಗೈಯಲ್ಲಿ ಹಿಡಿಸೋ ಸೈಜು, ಮುಂದೆ ಎರಡು ಇಕ್ಕಳ. ಒಳ್ಳೆ ಟೈಮಿಗೇ ಹೋಗ್ತಿದೀರಿ, ಮಾರ್ಚಿಂದ ಮೇ ವರೆಗೆ ಅಲ್ಲಿ ಇದರದ್ದೇ ಭರಾಟೆ. ಅಚಾಫಲಾಯ ಅನ್ನೋ ದೊಡ್ಡ ಜೌಗಲ್ಲಿ ಹಿಡೀತಾರೆ, ಅದಕ್ಕಿಂತ ಜಾಸ್ತಿ ಭತ್ತದ ಗದ್ದೇಲೇ ಸಾಕ್ತಾರೆ. ಬೇಸಿಗೇಲಿ ನೀರು ಬತ್ತಿದಾಗ ಇವು ಕೆಸರಲ್ಲಿ ಬಿಲ ತೋಡಿ ಮಣ್ಣುಂಡೆ ಮೇಲೆ ಮಣ್ಣುಂಡೆ ಪೇರಿಸಿ ಬಾಯಿಗೆ ಗೋಪುರ ಕಟ್ಕೊಂಡು ಒಳಗೆ ಕೂತಿರ್ತವೆ, ಕೊಯ್ಲಾದ್ಮೇಲೆ ಗದ್ದೆಗೆ ಮತ್ತೆ ನೀರು ನಿಲ್ಲಿಸಿದ್ರೆ ಮರಿ ಸಮೇತ ಹೊರಗೆ ಬಂದು ಕೊಳೀತಿರೋ ಕೂಳೆ, ಅದಕ್ಕೆ ಅಂಟಿರೋ ಹುಳ ಹುಪ್ಪಟೆ ತಿಂದು ಬೆಳೀತವೆ. ರೈತರು ತಂತಿ ಬಲೆಯ ಕೂಣಿ ಇಟ್ಟು ಒಳಗೆ ಮೀನಿನ ತುಂಡು ಹಾಕಿರ್ತಾರೆ, ಕೆಳಗಿನ ಕಿರಿದಾದ ಬಾಯಿಂದ ಒಳಗೆ ಹೋಗಿದ್ದು ವಾಪಸ್ ಬರೋದು ಕಷ್ಟ.

ನಿಮ್ಮನ್ನ ಕರ್ಕೊಂಡು ಹೋಗೋದು ಬಹುಶಃ ದಾರದ ಆಟಕ್ಕೆ. ದಾರದ ತುದಿಗೆ ಮಾಂಸ ಕಟ್ಟಿ ನೀರಿಗೆ ಬಿಡಿ, ದಾರ ಬಿಗಿಯಾಯ್ತು ಅಂತ ಗಬಕ್ಕನೆ ಎಳೀಬೇಡಿ. ಮೆಲ್ಲಗೆ ಎತ್ತುತ್ತಾ ಬನ್ನಿ, ನೀರಿಂದ ಮೇಲೆ ಬರೋ ಮುಂಚೇನೇ ಇನ್ನೊಬ್ರು ಕೆಳಗೆ ಬಲೆ ಹಿಡೀಬೇಕು, ಯಾಕಂದ್ರೆ ಗಾಳಿ ತಾಕ್ತಿದ್ದಂಗೇ ಅದು ಮಾಂಸ ಬಿಟ್ಟು ಬಾಲ ಮಡಚಿ ಹಿಂದಕ್ಕೆ ಚಿಮ್ಮುತ್ತೆ. ಕೈಯಲ್ಲಿ ಹಿಡಿಯೋದಾದ್ರೆ ಇಕ್ಕಳದ ಹಿಂದೆ, ಬೆನ್ನಿನ ಚಿಪ್ಪನ್ನ ಎರಡೂ ಕಡೆಯಿಂದ ಒತ್ತಿ. ಮುಂದಿಂದ ಕೈ ಹಾಕಿದ್ರೆ ಬೆರಳು ಕೊಟ್ಟಂಗೇ.

ಪ್ರಶ್ನೆ: ಬೆಂದ ಮೇಲೆ ಬಾಲ ನೆಟ್ಟಗಿದ್ರೆ ಬಿಸಾಕ್ಬೇಕು, ಬೇಯಿಸೋ ಮುಂಚೆ ಉಪ್ಪುನೀರಲ್ಲಿ ಹಾಕಿದ್ರೆ ಹೊಟ್ಟೆ ಕ್ಲೀನ್ ಆಗುತ್ತೆ ಅಂತಾರೆ. ನಿಜಾನಾ?

ಉತ್ತರ: ಎರಡನ್ನೂ ನಾನು ನಂಬಲ್ಲ. ಪಾತ್ರೇಲಿ ಒತ್ತೊತ್ತಾಗಿ ತುಂಬಿದ್ರೆ ಜೀವಂತ ಹಾಕಿದ್ದರ ಬಾಲಾನೂ ನೆಟ್ಟಗಾಗಬಹುದು, ಸತ್ತಿದ್ದರ ಬಾಲ ಸುರುಳಿನೂ ಆಗಬಹುದು. ಹಾಗಾಗಿ ಆರಿಸೋ ಕೆಲಸ ಬೇಯಿಸೋ ಮುಂಚೆನೇ ಆಗ್ಬೇಕು, ಅಲ್ಲಾಡದೇ ಇರೋದನ್ನ ತೆಗೆದು ಹಾಕಿ, ಬೆಂದ ಮೇಲೆ ವಾಸನೆ ಹೊಡೆದ್ರೆ, ಮಾಂಸ ಹಿಟ್ಟುಹಿಟ್ಟಾಗಿದ್ರೆ ಮುಟ್ಟಬೇಡಿ. ಉಪ್ಪುನೀರಿಂದ ಮೈಮೇಲಿನ ಕೆಸರು ಹೋಗುತ್ತೆ ಅಷ್ಟೇ, ಅದು ಬರೀ ನೀರಿಗೂ ಹೋಗುತ್ತೆ. ಹೊಟ್ಟೆ ನಿಜವಾಗ್ಲೂ ಖಾಲಿ ಆಗ್ಬೇಕಂದ್ರೆ ಮೇವು ಕೊಡದೆ ಒಂದೆರಡು ದಿನ ಒಳ್ಳೆ ನೀರಲ್ಲಿ ಇಡಬೇಕು. ನನ್ನ ಕೇಳಿದ್ರೆ ಆ ತಲೆಬಿಸಿ ಬದಲು ನೆನೆಸೋದರ ಕಡೆ ಗಮನ ಕೊಡಿ. ಕುದಿಯೋದು ಕೆಲವೇ ನಿಮಿಷ, ಆಮೇಲೆ ಉರಿ ಆರಿಸಿ ಆ ಖಾರದ ನೀರಲ್ಲೇ ಬಿಡ್ತಾರಲ್ಲ, ರುಚಿ ಒಳಗೆ ಇಳಿಯೋದು ಆಗಲೇ. ಜೊತೆಗೆ ಹಾಕಿರೋ ಆಲೂಗಡ್ಡೆ, ಮೆಕ್ಕೆಜೋಳ ಇನ್ನೂ ಖಾರ ಹೀರಿರ್ತವೆ, ಹುಷಾರು.

ಪ್ರಶ್ನೆ: ತಲೆ ಹೀರೋದು ಅಂದ್ರೆ ಏನು? ನನಗೆ ಸಿಗಡಿ ತಿಂದ್ರೆ ಮೈ ಕೆರೆಯುತ್ತೆ, ಇದನ್ನ ತಿನ್ನಬಹುದಾ?

ಉತ್ತರ: ಮೊದಲು ಎರಡನೇದು: ಬೇಡ. ಸಿಗಡಿಲಿ ಅಲರ್ಜಿ ಮಾಡೋ ಪ್ರೋಟೀನ್ ಇದರಲ್ಲೂ ಇದೆ, ಮಗಳು ಎಷ್ಟೇ ಬಲವಂತ ಮಾಡಿದ್ರೂ ಡಾಕ್ಟರ್‌ನ ಕೇಳದೆ ಬಾಯಿಗಿಡಬೇಡಿ. ತಲೆ ವಿಷಯ ಉಳಿದವರಿಗಾಗಿ ಹೇಳ್ತೀನಿ. ತಲೆ ಬಾಲ ಎರಡು ಕೈಲಿ ಹಿಡಿದು ತಿರುಚಿ ಎಳೆದ್ರೆ ಬೇರೆ ಆಗುತ್ತೆ, ಬಾಲದ ಮೊದಲ ಒಂದೆರಡು ಉಂಗುರ ಬಿಡಿಸಿ ಬುಡ ಒತ್ತಿದ್ರೆ ಮಾಂಸ ಜಾರಿ ಬರುತ್ತೆ. ತಲೇಲಿ ಮಸಾಲೆ ರಸದ ಜೊತೆ ಹಳದಿ ಬಣ್ಣದ್ದೊಂದು ಇರುತ್ತೆ, ಅಲ್ಲಿನೋರು ಅದನ್ನ ಕೊಬ್ಬು ಅಂತಾರೆ, ಅಸಲಿಗೆ ಅದು ಪಿತ್ತಜನಕಾಂಗದ ಕೆಲಸ ಮಾಡೋ ಅಂಗ. ಇಷ್ಟ ಇದ್ರೆ ಹೀರಬಹುದು, ಇಲ್ದಿದ್ರೆ ಯಾರೂ ಏನೂ ಅನ್ಕೊಳಲ್ಲ. ಆದ್ರೆ ಹಸಿಯಾಗಿರೋದು ಅಥವಾ ಅರೆಬೆಂದಿದ್ದು ಮಾತ್ರ ಬೇಡವೇ ಬೇಡ, ಶ್ವಾಸಕೋಶಕ್ಕೆ ಹೋಗಿ ಕೂರೋ ಒಂದು ಪರಾವಲಂಬಿ ಹುಳ ಇದರಲ್ಲಿ ಇರಬಹುದು. ಇನ್ನೊಂದು, ತೂಕ ನೋಡಿ ಮೋಸ ಹೋಗ್ಬೇಡಿ, ಒಂದು ಕೆಜಿ ಕ್ರಾಫಿಶ್ ಬಿಡಿಸಿದ್ರೆ ಸಿಗೋ ಮಾಂಸ ಸುಮಾರು 150 ಗ್ರಾಂ, ಹಾಗಾಗಿ ಅಳಿಯ ಮೂಟೆಗಟ್ಟಲೆ ತಂದ್ರೆ ಗಾಬರಿ ಆಗ್ಬೇಡಿ.